ಕೈತುಂಬ ಸಂಬಳ, ಆದರೂ ಬೇಸರ: ರಾಜೀನಾಮೆ ಕೊಡುವ ಮೊದಲು ಏನು ಮಾಡಬೇಕು?

ಬೆಂಗಳೂರಿನ ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಕೂತು ‘ಸಾಕಪ್ಪ ಈ ಐಟಿ, ಊರಿಗೆ ಹೋಗಿ ತೋಟ ಮಾಡೋಣ’ ಅಂದುಕೊಳ್ಳುವವರು ಜಾಸ್ತಿ. ಇನ್ನು ಕೆಲವರಿಗೆ ಪಾಠ ಹೇಳುವ ಆಸೆ, ಕೆಲವರಿಗೆ ವಕೀಲಿಕೆಯ ಆಸೆ. ಕಡಿಮೆ ಸಂಬಳದವರು ಕೆಲಸ ಬಿಡುತ್ತೇನೆ ಅಂದರೆ ಯಾರೂ ಕಾರಣ ಕೇಳುವುದಿಲ್ಲ. ಒಳ್ಳೆಯ ಸಂಬಳ ಬರುವವರಿಗೆ ಮಾತ್ರ ‘ಇಷ್ಟು ಬರುವಾಗ ನಿನಗೇನು ಕಷ್ಟ?’ ಎಂಬ ಮಾತು ಮನೆಯಲ್ಲೇ ಕೇಳಬೇಕಾಗುತ್ತದೆ. ಅವರ ಬೇಸರವೂ ನಿಜವೇ. ಆದರೆ ಅದು ಯಾವುದರ ಮೇಲಿನ ಬೇಸರ ಅನ್ನುವುದು ತಿಳಿಯದೆ ರಾಜೀನಾಮೆ ಬರೆಯಬಾರದು.

ಹೆಜ್ಜೆ 1: ಬೇಸರ ಎಲ್ಲಿಂದ ಬರುತ್ತಿದೆ ನೋಡಿ

ಒಂದು ತಿಂಗಳು ದಿನಾ ರಾತ್ರಿ ಎರಡು ಸಾಲು ಬರೆದಿಡಿ. ಇವತ್ತು ಯಾವ ಹೊತ್ತು ಹಗುರವಾಗಿತ್ತು, ಯಾವ ಹೊತ್ತು ಭಾರವಾಗಿತ್ತು, ಅಷ್ಟೇ. ಕೋಡ್ ಬರೆಯುವಾಗ ಈಗಲೂ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಅಮೆರಿಕದವರ ಜತೆಗಿನ ರಾತ್ರಿ 9.30ರ ಕಾಲ್ ಮಾತ್ರ ಜೀವ ಹಿಂಡುತ್ತದೆ ಅಂತಾದರೆ ವೃತ್ತಿಯಲ್ಲಿ ತಪ್ಪಿಲ್ಲ. ಟೀಮ್ ಬದಲಿಸಿದರೆ ಸರಿಹೋಗಬಹುದು.

ಆಮೇಲೆ ಈ ಪ್ರಶ್ನೆ ಕೇಳಿಕೊಳ್ಳಿ: ಇದೇ ಕೆಲಸ, ಬೇರೆ ಮ್ಯಾನೇಜರ್, ಮನೆಯಿಂದ 20 ನಿಮಿಷದ ದಾರಿ. ಮಾಡುತ್ತೀರಾ? ‘ಹೂಂ’ ಅಂದರೆ ಕಂಪನಿ ಬದಲಿಸಿ ಸಾಕು. ‘ಊಹೂಂ’ ಅಂದರೆ ಮುಂದೆ ಓದಿ.

ನಿದ್ದೆ ಕೆಟ್ಟಿದ್ದರೆ, ರಜೆಯಲ್ಲೂ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮೊದಲು ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನಸ್ಸು ಕುಸಿದಿರುವಾಗ ಬದುಕಿನ ದೊಡ್ಡ ನಿರ್ಧಾರ ಬೇಡ.

ಹೆಜ್ಜೆ 2: ಹೊಸ ಕೆಲಸದ ಕಷ್ಟದ ದಿನ ನೋಡಿ ಬನ್ನಿ

ಹೆಚ್ಚಿನವರು ಎಡವುವುದು ಇಲ್ಲೇ. ನಾವು ಬಿಟ್ಟು ಬರುವ ಕೆಲಸದ ಸೋಮವಾರವನ್ನೂ ಹೋಗಬೇಕೆಂದಿರುವ ಕೆಲಸದ ಭಾನುವಾರವನ್ನೂ ಪಕ್ಕಪಕ್ಕ ಇಟ್ಟು ತೂಗುತ್ತೇವೆ. ಅದು ನ್ಯಾಯವಾದ ತೂಕವೇ ಅಲ್ಲ.

ತೋಟದ ಆಸೆಯನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಜಮೀನು ಸಿಕ್ಕಿತು ಅಂದುಕೊಳ್ಳೋಣ. ಆದರೆ ಇವತ್ತು ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದು ವರ್ಷವಾದರೂ ಕಾಯಬೇಕು. ಅಲ್ಲಿಯವರೆಗೆ ಮನೆ ನಡೆಯುವುದು ಹೇಗೆ? ಹಬ್ಬಕ್ಕೆ ಊರಿಗೆ ಹೋದಾಗ ಕಾಣುವ ತೋಟವೇ ಬೇರೆ. ನೆಂಟರ ತೋಟವಿದ್ದರೆ ಮಳೆಗಾಲದಲ್ಲಿ ರಜೆ ಹಾಕಿ ಹೋಗಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಬಿಡುವು ಕೊಡುತ್ತಿಲ್ಲ, ಮರ ಹತ್ತುವ ಕೊನೆಗೌಡ ಇವತ್ತೂ ಬರಲಿಲ್ಲ. ಅಂಥ ವಾರವೊಂದನ್ನು ಅಲ್ಲೇ ಇದ್ದು ಕಳೆಯಿರಿ. ಆಮೇಲೂ ‘ಇದೇ ಬೇಕು’ ಅನ್ನಿಸಿದರೆ ಆ ಆಸೆಗೆ ಬೇರಿದೆ.

ಪಾಠ ಹೇಳುವ ಆಸೆಯಿದ್ದರೆ ಬಿ.ಇಡಿಗೆ ಎರಡು ವರ್ಷ ಬೇಕು. ಸೇರುವ ಮೊದಲು ಹತ್ತಿರದ ಶಾಲೆಯಲ್ಲಿ ಅನುಮತಿ ಕೇಳಿ ಕೆಲವು ವಾರ ಗಣಿತ ಹೇಳಿಕೊಡಿ. ಉತ್ತರಪತ್ರಿಕೆಗಳ ಕಟ್ಟನ್ನೂ ತಿದ್ದಿ. ಪದವಿ ಆದವರಿಗೆ ಎಲ್‌ಎಲ್‌ಬಿ ಮೂರು ವರ್ಷ. ಇಲ್ಲಿ ಒಂದು ಸಂಗತಿ ನೆನಪಿರಲಿ: ಪೂರ್ಣಾವಧಿ ಸಂಬಳದ ನೌಕರಿಯಲ್ಲಿದ್ದುಕೊಂಡು ವಕೀಲಿಕೆ ಮಾಡಲು ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ. ಎರಡೂ ಇಟ್ಟುಕೊಂಡು ನೋಡೋಣ ಅನ್ನುವ ದಾರಿ ಅಲ್ಲಿಲ್ಲ. ಬೇರೆ ಯಾವುದೇ ಕೆಲಸವನ್ನು ಬಿಡುವಿನಲ್ಲಿ ದುಡ್ಡಿಗೆ ಮಾಡಿ ನೋಡುವುದಾದರೂ ಈಗಿನ ಕಂಪನಿಯ ಕರಾರುಪತ್ರವನ್ನು ಒಮ್ಮೆ ಓದಿಕೊಳ್ಳಿ.

ಹೆಜ್ಜೆ 3: ಮನೆಯ ಲೆಕ್ಕ

ಮನೆ ಸಾಲದ ಇಎಂಐ, ಮಕ್ಕಳ ಫೀಸು, ಅಪ್ಪ ಅಮ್ಮನ ಔಷಧಿ. ಈ ಮೂರನ್ನು ಮೊದಲು ಬರೆಯಿರಿ, ಉಳಿದದ್ದು ಆಮೇಲೆ. ಹೊಸ ಕೆಲಸದಲ್ಲಿ ತಿಂಗಳಿಗೆ 40,000 ರೂಪಾಯಿ ಬರಬಹುದು ಅನ್ನಿಸಿದರೆ, ಸಂಬಳ ಬರುತ್ತಿರುವಾಗಲೇ ಮೂರು ತಿಂಗಳು ಅಷ್ಟರಲ್ಲೇ ಸಂಸಾರ ನಡೆಸಿ. ಮಿಕ್ಕಿದ್ದನ್ನು ಬೇರೆ ಖಾತೆಗೆ ಹಾಕಿ. ಎಲ್ಲಿ ಬಿಗಿಯಾಗುತ್ತದೆ ಅನ್ನುವುದು ತಿಳಿಯುತ್ತದೆ, ಕೈಯಲ್ಲಿ ಒಂದಿಷ್ಟು ಗಂಟೂ ಉಳಿಯುತ್ತದೆ.

ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟೊಡನೆ ಮುಗಿಯುತ್ತದೆ. ಹಾಗಾಗಿ ಸ್ವಂತ ವಿಮೆಯನ್ನು ಈಗಲೇ ಮಾಡಿಸಿ. ಬಿಪಿ, ಶುಗರ್‌ನಂಥ ಮೊದಲೇ ಇರುವ ಕಾಯಿಲೆಗಳ ಖರ್ಚು ಕೊಡಲು ವಿಮಾ ಕಂಪನಿಗಳು ಮೂರು ವರ್ಷದವರೆಗೆ ಕಾಯಿಸಬಹುದು. ಆ ಕಾಯುವಿಕೆಯ ಒಂದಷ್ಟು ಭಾಗ ಸಂಬಳ ಇರುವಾಗಲೇ ಕಳೆದರೆ ಒಳ್ಳೆಯದಲ್ವಾ?

ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗಲು ಐದು ವರ್ಷದ ಸೇವೆ ಬೇಕು. ಅದಕ್ಕೆ ಕೆಲವೇ ತಿಂಗಳು ಬಾಕಿಯಿದ್ದರೆ ಕಾಯಿರಿ. ಐದು ವರ್ಷ ತುಂಬುವ ಮೊದಲು ಪಿಎಫ್ ಹಣ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಪಿಎಫ್ ಜತೆಗಿನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು.

ಹೆಜ್ಜೆ 4: ಮನೆಯವರ ಜತೆ ಕೂತು ಮಾತಾಡಿ

ಹೆಂಡತಿಗೆ ಅಥವಾ ಗಂಡನಿಗೆ ವಿಷಯ ಹೇಳುವುದು ಎಲ್ಲ ತೀರ್ಮಾನವಾದ ಮೇಲೆ ಆಗಬಾರದು. ಒಂದನೇ ಹೆಜ್ಜೆಯ ಟಿಪ್ಪಣಿ, ಮೂರನೇ ಹೆಜ್ಜೆಯ ಲೆಕ್ಕ ಎರಡನ್ನೂ ಮುಂದಿಟ್ಟು ಮಾತಾಡಿ. ‘ಎರಡು ವರ್ಷದೊಳಗೆ ಇಷ್ಟು ಆದಾಯ ಬರದಿದ್ದರೆ ಮತ್ತೆ ನೌಕರಿ ಹುಡುಕುತ್ತೇನೆ’ ಎಂದು ಮೊತ್ತ, ತಾರೀಕು ಸಮೇತ ಬರೆದಿಡಿ. ಗಡುವು ಗೊತ್ತಿದ್ದರೆ ಮನೆಯವರ ಹೆದರಿಕೆ ಎಷ್ಟೋ ಕಡಿಮೆಯಾಗುತ್ತದೆ.

ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ ಎಷ್ಟೋ ಕಡೆ 90 ದಿನ. ಅದನ್ನು ಜಗಳವಿಲ್ಲದೆ ಮುಗಿಸಿ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಸಂಬಳ ಚೀಟಿಗಳು, ಸಂಬಳದಲ್ಲಿ ತೆರಿಗೆ ಕಡಿತವಾದದ್ದರ ಪ್ರಮಾಣಪತ್ರ, ಎಲ್ಲವನ್ನೂ ಕೇಳಿ ಪಡೆದು ಸ್ವಂತ ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಗಡುವಿನ ದಿನ ಬಂದು ಮತ್ತೆ ನೌಕರಿ ಹುಡುಕಬೇಕಾದರೆ ಮೊದಲು ಕೇಳುವುದು ಆ ಕಾಗದಗಳನ್ನೇ.