ಕಸದ ಕೇಂದ್ರದಲ್ಲಿ ನಿಂತು ಶಾಸಕನಾದ ನನ್ನ ಅನುಭವ

ಎರಡು ಸಲ ಸೋತು ಮೂರನೇ ಸಲ ಗೆದ್ದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರತಿನಿಧಿ ಸಭೆಯ 400 ಸೀಟುಗಳಲ್ಲಿ ಈಗ ಒಂದು ನಂದು. ನಾಮಪತ್ರಕ್ಕೆ ಬರೀ 2 ಡಾಲರ್, ದುಬಾರಿಯಾದದ್ದು ಸೋಲು.

ಮೊದಲ ಸಲ ಹೆಚ್ಚುಕಮ್ಮಿ 3,000 ಡಾಲರ್ ನೀರಿಗೆ ಹೋಯಿತು. ಮುಕ್ಕಾಲು ಪಾಲು ಯಾರ್ಡ್ ಸೈನುಗಳಿಗೆ, ಅಂದರೆ ಮನೆ ಮುಂದೆ ನೆಡುವ ಪ್ರಚಾರದ ಬೋರ್ಡುಗಳಿಗೆ. ನನ್ನ ಉದ್ದ ಹೆಸರು ಹಿಡಿಸಲು ಅಕ್ಷರ ಎಷ್ಟು ಸಣ್ಣದು ಮಾಡಿಸಿದ್ದೆನೆಂದರೆ, ಕಾರಿನಲ್ಲಿ ಹೋಗುವವರಿಗೆ ಅದು ಬರೀ ಗೆರೆ. ಎರಡನೇ ಸಲ ತಿಳಿದವರೊಬ್ಬರ ಮಾತು ಕೇಳಿ ಬೋರ್ಡಿನಲ್ಲಿ ‘ವೆಂಕಿ’ ಅಂತ ಹಾಕಿಸಿದೆ. ಬ್ಯಾಲೆಟ್‌ನಲ್ಲಿ ಮಾತ್ರ ಪೂರ್ತಿ ಹೆಸರು. ಇಬ್ಬರೂ ಒಬ್ಬನೇ ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ಅರವತ್ತೋ ಎಪ್ಪತ್ತೋ ಮತದಲ್ಲಿ ಹೋಯಿತು.

ಮೂರನೇ ಸಲ ಬೋರ್ಡ್ ಬಿಟ್ಟೆ. ನಮ್ಮೂರಲ್ಲಿ ಕಸದ ಗಾಡಿ ಬರುವುದಿಲ್ಲ, ಶನಿವಾರ ಎಲ್ಲರೂ ತಾವೇ ಟ್ರಾನ್ಸ್‌ಫರ್ ಸ್ಟೇಷನ್ನಿಗೆ, ಅಂದರೆ ಊರಿನ ಕಸದ ಕೇಂದ್ರಕ್ಕೆ, ಹೊತ್ತು ತರುತ್ತಾರೆ. ಚುನಾವಣೆ ಹತ್ತಿರ ಬಂತೆಂದರೆ, ಅಕ್ಟೋಬರಿನಲ್ಲಿ, ಅಭ್ಯರ್ಥಿಗಳೆಲ್ಲ ಮತ ಕೇಳಲು ಅಲ್ಲಿ ಸಾಲು ನಿಲ್ಲುತ್ತಾರೆ. ನಾನು ಫೆಬ್ರವರಿಯಲ್ಲೇ ನಿಂತೆ. ‘ಹಿಮದಲ್ಲಿ ನಿನ್ನ ಹತ್ತಿರ ಯಾರು ಮಾತಾಡ್ತಾರೆ?’ ಅಂತ ಪಕ್ಷದವರೇ ನಕ್ಕರು. ನಿಜ, ಯಾರೂ ಮಾತಾಡಲಿಲ್ಲ. ಮೊದಲ ಮೂರು ವಾರ ರಟ್ಟಿನ ಡಬ್ಬಿ ಮಡಚಿಕೊಟ್ಟದ್ದಷ್ಟೇ. ನಾಲ್ಕನೇ ವಾರ ಅಜ್ಜನೊಬ್ಬನ ಚೀಲದ ತಳ ಹರಿದು ಡಬ್ಬಗಳೆಲ್ಲ ಮಂಜಿನ ಮೇಲೆ ಜಾರಿದವು. ಇಬ್ಬರೂ ಬಗ್ಗಿ ಆರಿಸುವಾಗ ಶುರುವಾದದ್ದು ಮನೆ ತೆರಿಗೆಯ ಮಾತು. ಇಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಸಂಬಳದ ಮೇಲೆ ರಾಜ್ಯದ ತೆರಿಗೆಯೂ ಇಲ್ಲ. ಶಾಲೆಯ ಖರ್ಚು ಬಂದು ಬೀಳುವುದು ಮನೆ ಮಾಲೀಕನ ತಲೆಗೇ. ಆಮೇಲೆ ನಾನು ಬೇರೆ ವಿಷಯ ಎತ್ತಲೇ ಇಲ್ಲ.

ಜೊತೆಗೊಂದು ಪ್ರಯೋಗ: ಚೆಕ್‌ಲಿಸ್ಟ್ (ಇಲ್ಲಿನ ಮತದಾರರ ಪಟ್ಟಿ) ನೋಡಿ ಸುಮಾರು 600 ಪೋಸ್ಟ್‌ಕಾರ್ಡ್ ಕೈಯಲ್ಲೇ ಬರೆದೆ. ಅರ್ಧಕ್ಕೆ ಇಂಗ್ಲಿಷ್ ಸಹಿ, ಅರ್ಧಕ್ಕೆ ಕನ್ನಡ ಸಹಿ. ಶನಿವಾರ ಜನ ಕೇಳಿದ್ದೆಲ್ಲ ಕನ್ನಡದ್ದನ್ನೇ, ‘ಈ ದುಂಡು ಅಕ್ಷರ ಯಾವುದು?’ ಅಂತ. ಕಾರ್ಡಿನ ಎರಡನೇ ಸಾಲಲ್ಲಿ ಏನು ಬರೆದೆ ಅಂತ ಹೇಳುವುದಿಲ್ಲ. ಇಲ್ಲಿ ಎರಡು ವರ್ಷಕ್ಕೊಮ್ಮೆ ಚುನಾವಣೆ, ಓದುವವರಲ್ಲಿ ನನ್ನ ಎದುರಾಳಿಗಳೂ ಇದ್ದಾರು.

ಈ ಮೂರನೇ ಸಲದ ಒಟ್ಟು ಖರ್ಚು 900 ಡಾಲರ್ ಒಳಗೆ. ಸಂಬಳ? ಎರಡು ವರ್ಷಕ್ಕೆ 200 ಡಾಲರ್, 1889ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದು, ಇವತ್ತಿಗೂ ಅಷ್ಟೇ. ಪೆಟ್ರೋಲಿಗೆ ಮೈಲಿ ಲೆಕ್ಕದಲ್ಲಿ ಬೇರೆ ಕೊಡುತ್ತಾರೆ. ರಾಜ್ಯದ ರಾಜಧಾನಿ ಕಾಂಕರ್ಡ್‌ನಲ್ಲಿ ನನಗೊಂದು ಕೋಣೆಯೂ ಇಲ್ಲ, ಫೈಲುಗಳೆಲ್ಲ ಕಾರಿನ ಡಿಕ್ಕಿಯಲ್ಲಿ.

ಇಲ್ಲಿ ಯಾವ ಮಸೂದೆಗಾದರೂ ಸಾರ್ವಜನಿಕ ವಿಚಾರಣೆ ಸಿಗುತ್ತದೆ. ನನ್ನ ಮೊದಲ ಮಸೂದೆಗೂ ಸಿಕ್ಕಿತು. ಸಮಿತಿ ಐಟಿಎಲ್ ಅಂದಿತು (‘ಇನ್‌ಎಕ್ಸ್‌ಪೀಡಿಯೆಂಟ್ ಟು ಲೆಜಿಸ್ಲೇಟ್’, ಅಂದರೆ ಕಾನೂನು ಮಾಡುವುದು ಬೇಡ), ಸಭೆ ಧ್ವನಿಮತದಲ್ಲಿ ಅದನ್ನು ಮುಗಿಸಿತು. ಆ ಶನಿವಾರ ಮತ್ತೆ ಟ್ರಾನ್ಸ್‌ಫರ್ ಸ್ಟೇಷನ್ನಿಗೆ ಹೋದೆ, ನಮ್ಮನೆ ಕಸವೂ ಎರಡು ಚೀಲ ಇತ್ತು.