ಅಮೆರಿಕಕ್ಕೆ ಹೊರಟಿದ್ದೀರಾ? ಮೊದಲ ವಾರವೇ ಲೈಬ್ರರಿಗೆ ಹೋಗಿ

ನಾನು ರಜೆಗೆ ಬೆಂಗಳೂರಿಗೆ ಬಂದಾಗಲೆಲ್ಲ ಪರಿಚಯದವರಲ್ಲಿ ಯಾರಾದರೂ ಅಮೆರಿಕಕ್ಕೆ ಹೊರಡುವ ತಯಾರಿಯಲ್ಲಿ ಇದ್ದೇ ಇರುತ್ತಾರೆ. ಕುಕ್ಕರ್, ಸಾರಿನ ಪುಡಿ, ಮಕ್ಕಳ ಟೀಸಿ ಎಲ್ಲದರ ಬಗ್ಗೆ ಕೇಳುತ್ತಾರೆ, ಲೈಬ್ರರಿ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಬಡಾವಣೆಗಳಲ್ಲಿ ಲೈಬ್ರರಿ ಅಂದರೆ ಹಿರಿಯರು ಪೇಪರ್ ಓದುವ, ಹುಡುಗರು ಕೆಪಿಎಸ್‌ಸಿಗೆ ಓದಿಕೊಳ್ಳುವ ಜಾಗ ಅಲ್ವಾ. ಕಬ್ಬನ್ ಪಾರ್ಕಿನಲ್ಲಿರುವಂಥ ಮಕ್ಕಳ ಲೈಬ್ರರಿ ಮನೆ ಹತ್ತಿರ ಸಿಗುವುದು ಅಪರೂಪ.

ಅಲ್ಲಿ ಹಾಗಲ್ಲ. ಪಾಸ್‌ಪೋರ್ಟ್ ಜೊತೆಗೆ ಬಾಡಿಗೆ ಕರಾರೋ ಕರೆಂಟ್ ಬಿಲ್ಲೋ ತೋರಿಸಿದರೆ ಸಾಮಾನ್ಯವಾಗಿ ಆ ಊರಿನವರಿಗೆ ಕಾರ್ಡ್ ಪುಕ್ಕಟೆ. ಮಗುವಿಗೂ ಒಂದು ಮಾಡಿಸಿ. ದಂಡದ ಭಯವೂ ಈಗ ಕಡಿಮೆ: ಶಿಕಾಗೊ 2019ರಲ್ಲಿ, ನ್ಯೂಯಾರ್ಕ್ 2021ರಲ್ಲಿ ತಡವಾದ ಪುಸ್ತಕಕ್ಕೆ ದಂಡ ಹಾಕುವುದನ್ನೇ ನಿಲ್ಲಿಸಿದವು.

ನಾನು ಒತ್ತಿ ಹೇಳುವುದು ಸ್ಟೋರಿಟೈಮ್ ಬಗ್ಗೆ. ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಲೈಬ್ರರಿಯನ್ ಕಥೆ ಓದುತ್ತಾರೆ, ಕೈ ಕುಣಿಸಿ ಹಾಡಿಸುತ್ತಾರೆ, ಹಾಡುಗಳು ಹೆಚ್ಚುಕಡಿಮೆ ಪ್ರತಿ ವಾರ ಅವೇ ಇರುವುದರಿಂದ ಇಂಗ್ಲಿಷ್ ಬಾರದ ಮಗುವೂ ಬೇಗ ಸೇರಿಕೊಳ್ಳುತ್ತದೆ. ಅಪ್ಪ ಅಮ್ಮನೂ ಜೊತೆಗೆ ಕೂರಬೇಕು. ಮುಗಿದ ಮೇಲೆ ಎಷ್ಟೋ ಕಡೆ ಆಟದ ಸಾಮಾನು ಹರಡುತ್ತಾರೆ, ಆಗ ದೊಡ್ಡವರು ಮಾತಿಗೆ ಸಿಗುತ್ತಾರೆ. ಡಿಪೆಂಡೆಂಟ್ ವೀಸಾದಲ್ಲಿ ಬಂದು ದಿನವಿಡೀ ಮಗುವಿನ ಜೊತೆ ಒಬ್ಬರೇ ಇರುವವರಿಗೆ ಈ ಮಾತುಕತೆ ಕಥೆಗಿಂತ ಮುಖ್ಯ. ಡಾಕ್ಟರ್ ಯಾರು ಒಳ್ಳೆಯವರು, ಯಾವ ಪಾರ್ಕ್ ಚೆನ್ನಾಗಿದೆ, ಎಲ್ಲ ಗೊತ್ತಾಗುವುದು ಅಲ್ಲೇ.

ಬೇಸಿಗೆ ರಜೆಯಲ್ಲಿ ಓದಿದ್ದಕ್ಕೆ ಬಹುಮಾನ ಕೊಡುತ್ತಾರೆ. ಕೆಲವು ಕಡೆ ಮ್ಯೂಸಿಯಂ ಪಾಸ್, ತರಕಾರಿ ಬೀಜ ಕೂಡ ಸಿಗುತ್ತವೆ. ತರಬೇತಾದ ನಾಯಿಯ ಪಕ್ಕ ಕೂತು ಮಗು ಗಟ್ಟಿಯಾಗಿ ಓದುವ ಕಾರ್ಯಕ್ರಮವೂ ಇದೆ. ತಪ್ಪು ಓದಿದರೆ ನಾಯಿ ತಿದ್ದುವುದಿಲ್ಲವಲ್ಲ, ಓದಲು ಅಂಜುವ ಮಕ್ಕಳಿಗೆ ಇದು ತುಂಬಾ ಒಳ್ಳೆಯದು.

ಇನ್ನು ಕನ್ನಡ. ಕಪಾಟಿನಲ್ಲಿ ಇಲ್ಲ ಅಂತ ಸುಮ್ನೆ ವಾಪಸ್ ಬರಬೇಡಿ, ಕೇಳಿ. ಪುಸ್ತಕ ತರಿಸಲು ಮನವಿ ಕೊಡಬಹುದು. ಕನ್ನಡ ಕಥಾಸಮಯ ನಡೆಸುತ್ತೇವೆ ಅಂತ ಮಕ್ಕಳ ವಿಭಾಗದವರ ಹತ್ತಿರ ಹೇಳಿ, ನಾಲ್ಕೈದು ಮನೆಯವರು ಒಟ್ಟಿಗೆ ಹೋದರೆ ನಿಮ್ಮ ಮಾತಿಗೆ ತೂಕ ಜಾಸ್ತಿ. ದೊಡ್ಡ ಚಿತ್ರಗಳ ಒಂದು ಸಣ್ಣ ಕಥೆ, ಅಭಿನಯದ ಒಂದು ಶಿಶುಗೀತೆ ಸಾಕು, ನಡುವೆ ಒಂದೊಂದು ಸಾಲು ಇಂಗ್ಲಿಷಿನಲ್ಲೂ ಹೇಳಿ, ಬೇರೆ ಮಕ್ಕಳೂ ಕೂರುತ್ತಾರೆ. ಕಥೆ ಬೇಕಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ, ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು.

ಇಲ್ಲಿಂದ ಪುಸ್ತಕ ಹೊತ್ತು ಲೈಬ್ರರಿಗೆ ದಾನ ಕೊಡುವ ಯೋಚನೆ ಇದ್ದರೆ ಮೊದಲೇ ವಿಚಾರಿಸಿ. ದಾನದ ಪುಸ್ತಕಗಳು ಎಷ್ಟೋ ಸಲ ಕಪಾಟಿಗೆ ಹೋಗದೆ ಹಳೆ ಪುಸ್ತಕದ ಮಾರಾಟಕ್ಕೆ ಹೋಗುತ್ತವೆ.