ಡಿ ಆಂಜಾದಿಂದ ಯುಸಿಗೆ: ಸಿಎಸ್ ಟ್ರಾನ್ಸ್‌ಫರ್ ನಾನು ಮಾಡಿದ ರೀತಿ

ಕಮ್ಯುನಿಟಿ ಕಾಲೇಜು ಅಂದರೆ ಐಟಿಐ ಥರಾನಾ ಅಂತ ಊರಿನವರು, ಅಲ್ಲಿಂದ ಸಿಎಸ್ (ಕಂಪ್ಯೂಟರ್ ಸೈನ್ಸ್) ಸಿಗಲ್ಲ ಅಂತ ಇಲ್ಲಿನ ಅಂಕಲ್‌ಗಳು. ಡಿ ಆಂಜಾ ಕ್ಯಾಲಿಫೋರ್ನಿಯಾದ ಅಂಥದ್ದೊಂದು ಕಾಲೇಜು. ಅಲ್ಲಿ ಮೊದಲ ಎರಡು ವರ್ಷ ಓದಿ, ಉಳಿದ ಡಿಗ್ರಿಗೆ ಯುಸಿ ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಸೇರುವುದೇ ಟ್ರಾನ್ಸ್‌ಫರ್. ಯುಸಿಯ ಡೇವಿಸ್ ಕ್ಯಾಂಪಸ್ಸಿನಲ್ಲಿ ಸೀಟು ಸಿಕ್ಕಿದ್ದರಿಂದ ಈಗ ಧೈರ್ಯವಾಗಿ ಬರೆಯಬಹುದು.

ದುಡ್ಡಿನ ಮಾತು ಮೊದಲು. ಡಿ ಆಂಜಾದಲ್ಲಿ ಕ್ವಾರ್ಟರ್ ಯುನಿಟ್ಟಿಗೆ (ಯುನಿಟ್ ಅಂದರೆ ಕ್ರೆಡಿಟ್, ಕ್ವಾರ್ಟರ್ ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿ) 31 ಡಾಲರ್, ಸೆಮಿಸ್ಟರ್ ಕಾಲೇಜುಗಳಲ್ಲಿ 46. ಟ್ರಾನ್ಸ್‌ಫರ್‌ಗೆ ಬೇಕಾದ 90 ಕ್ವಾರ್ಟರ್ ಯುನಿಟ್ಟಿಗೆ 2,800 ಆಸುಪಾಸು. ಪಾರ್ಕಿಂಗ್, ಪುಸ್ತಕ ಬೇರೆ. ಇದು ಕ್ಯಾಲಿಫೋರ್ನಿಯಾ ನಿವಾಸಿ ದರ. ಇಲ್ಲದಿದ್ದರೆ ಯುನಿಟ್ಟಿಗೆ ಇನ್ನೂ 200ಕ್ಕೂ ಮೇಲೆ ಬೀಳುತ್ತದೆ, ಲೆಕ್ಕವೇ ತಲೆಕೆಳಗು. ಎಚ್-4ನವರಿಗೆ (ಕೆಲಸದ ವೀಸಾದಲ್ಲಿರುವ ಅಪ್ಪ-ಅಮ್ಮನ ಜೊತೆ ಬಂದ ಮಕ್ಕಳ ವೀಸಾ) ನಿವಾಸಿ ದರ ಸಿಗುತ್ತದೆ, ಎಫ್-1ನವರಿಗೆ (ವಿದ್ಯಾರ್ಥಿ ವೀಸಾ) ಇಲ್ಲ. ಟರ್ಮ್ ಶುರುವಾಗುವ ಮೊದಲೇ ಇಲ್ಲಿ ಒಂದು ವರ್ಷದ ಮೇಲೊಂದು ದಿನ ಆಗಿರಬೇಕು. ಅಪ್ಪನ ರಾಜ್ಯ ತೆರಿಗೆಯ 540 ಫಾರಂ, ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್ ಒಂದೇ ಪಿಡಿಎಫ್ ಮಾಡಿಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಆಮೇಲೆ ಎಫ್-1ಗೆ ಹೋದರೆ ಯುಸಿಯಲ್ಲಿ ಸಾಮಾನ್ಯವಾಗಿ ಹೊರರಾಜ್ಯದವರ ಫೀಸು. ಹುಟ್ಟಿದ ತಾರೀಕು ನೋಡಿಕೊಂಡೇ ಪ್ಲಾನ್ ಹಾಕಿ.

ಹೆಚ್ಚಿನವರು ಎಡವುವುದು ಯುನಿಟ್ಟಿನಲ್ಲಲ್ಲ, ಒಂದು ಮುಗಿಸದೆ ಮುಂದಿನದಕ್ಕೆ ಬಿಡದ ಕೋರ್ಸುಗಳ ಸರಪಳಿಯಲ್ಲಿ. ಕ್ಯಾಲ್ಕುಲಸ್ 1ಎಯಿಂದ 1ಡಿವರೆಗೆ ನಾಲ್ಕು ಕ್ವಾರ್ಟರ್, ಅದಾದ ಮೇಲೆ ಲೀನಿಯರ್ ಆಲ್ಜೀಬ್ರಾ. ಫಿಸಿಕ್ಸ್ 4ಎ ಸಾಲು ಅದರ ಹಿಂದೆಯೇ ಓಡಬೇಕು. ಇತ್ತ ಸಿ++ ಸಾಲು 22ಎ, 22ಬಿ, 22ಸಿ, ಜೊತೆಗೆ ಡಿಸ್ಕ್ರೀಟ್ ಗಣಿತ. ಮೊದಲ ಕ್ವಾರ್ಟರಿನಲ್ಲೇ 1ಎ ಹಿಡಿಯದವರ ಎರಡು ವರ್ಷ ಮೂರಾಗುತ್ತದೆ. ಪಿಯುಸಿ ಗಣಿತ ಮಾಡಿದವರಿಗೆ 1ಎ, 1ಬಿ ನೀರು ಕುಡಿದಷ್ಟು ಸಲೀಸು. 1ಸಿಯ ಸೀರೀಸ್‌ನಲ್ಲಿ ಆ ಗತ್ತು ಇಳಿಯುತ್ತದೆ. ಕ್ಯಾಲ್ಕುಲಸ್ ನಡುವೆ ಕ್ವಾರ್ಟರ್ ಕಾಲೇಜಿನಿಂದ ಸೆಮಿಸ್ಟರ್ ಕಾಲೇಜಿಗೆ ಹಾರಬೇಡಿ, ಪಾಠ ಒಂದಕ್ಕೊಂದು ಕೂಡುವುದಿಲ್ಲ.

ಯಾವ ಕೋರ್ಸನ್ನು ಯಾವ ಯುಸಿ ಕ್ಯಾಂಪಸ್ ಒಪ್ಪುತ್ತದೆ ಅನ್ನುವುದಕ್ಕೆ ಅಸಿಸ್ಟ್ ಡಾಟ್ ಆರ್ಗ್ ಜಾಲತಾಣ ಒಂದೇ ಪ್ರಮಾಣ, ಕೌನ್ಸೆಲರ್ ಬಾಯಿಮಾತಲ್ಲ. ಒಂದು ಕ್ಯಾಂಪಸ್ ಸಿ++ ಒಪ್ಪಿದರೆ ಇನ್ನೊಂದು ಜಾವಾ ಕೇಳೀತು. ಪ್ರಯೋಗಕ್ಕೆಂದು ನಾನು ಜಾವಾವನ್ನು ಬೇರೆ ಕಾಲೇಜಿನಿಂದ ಆನ್‌ಲೈನ್ ಮಾಡಿದೆ. ಅರ್ಜಿ ಹಾಕಲು ಒಂದು ಕ್ಯಾಂಪಸ್ ಹೆಚ್ಚಾಯಿತು, ಟ್ರಾನ್ಸ್‌ಕ್ರಿಪ್ಟ್ ತರಿಸುವ ತಲೆನೋವೂ ಹೆಚ್ಚಾಯಿತು. ಡೇವಿಸ್‌ಗೆ ಅದು ಬೇಕಾಗಲೇ ಇಲ್ಲ.

ಗ್ರೇಡಿನಲ್ಲಿ ಎಫ್‌ಗಿಂತ ಸಿ ಕೆಟ್ಟದ್ದು. ಎಫ್ ಬಂದ ಕೋರ್ಸನ್ನು ಮತ್ತೆ ಮಾಡಬಹುದು, ಸಿ ಬಂದದ್ದನ್ನು ಮಾಡಲು ಬಿಡುವುದಿಲ್ಲ. ಸಿ ಕಡೆ ಜಾರುತ್ತಿದೆ ಅನಿಸಿದರೆ ಗಡುವಿನೊಳಗೆ ಕೋರ್ಸ್ ಬಿಟ್ಟು ಡಬ್ಲ್ಯೂ (ವಿತ್‌ಡ್ರಾ) ತೆಗೆದುಕೊಳ್ಳಿ. ಅದು ಜಿಪಿಎಗೆ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಸೇರುವುದಿಲ್ಲ, ಆದರೆ ಪ್ರಯತ್ನದ ಲೆಕ್ಕಕ್ಕೆ ಸೇರುತ್ತದೆ. ಒಂದು ಕೋರ್ಸಿಗೆ ಒಟ್ಟು ಮೂರೇ ಪ್ರಯತ್ನ. ಎಫ್-1ನವರು 12 ಯುನಿಟ್ಟಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಯುಸಿಯ ಕನಿಷ್ಠ ಜಿಪಿಎ ನಿವಾಸಿಗಳಿಗೆ 2.4 ಎಂದಿದ್ದರೂ ಸಿಎಸ್‌ಗೆ ಆ ಅಂಕಿ ನಗೆಪಾಟಲು. ನನ್ನದು 3.9 ಮೇಲಿತ್ತು.

ಹೊಸಬರಿಗೆ ರಿಜಿಸ್ಟ್ರೇಶನ್ ಕೊನೆಗೆ ತೆರೆಯುವುದರಿಂದ 22ಸಿ, 4ಎ ತುಂಬಿರುತ್ತವೆ. ವೇಟ್‌ಲಿಸ್ಟಿನಲ್ಲಿದ್ದರೂ ಮೊದಲ ದಿನ ತರಗತಿಗೆ ಹೋಗಿ ಕೂರಬೇಕು, ಬಾರದವರ ಜಾಗಕ್ಕೆ ಆ್ಯಡ್ ಕೋಡ್ (ತರಗತಿಗೆ ಸೇರಿಕೊಳ್ಳಲು ಕೊಡುವ ಸಂಖ್ಯೆ) ಸಿಗುತ್ತದೆ. ಇನ್ನೊಂದು ದಾರಿಯೂ ಇದೆ. ನನ್ನ ತಮ್ಮ ಇನ್ನೂ ಅಲ್ಲೇ ಓದುತ್ತಿರುವುದರಿಂದ ಅದನ್ನು ಬರೆಯುವುದಿಲ್ಲ.

ಟ್ಯಾಗ್ ಅಂದರೆ ಷರತ್ತು ಪೂರೈಸಿದರೆ ಟ್ರಾನ್ಸ್‌ಫರ್ ಸೀಟಿಗೆ ಖಾತ್ರಿ ಕೊಡುವ ಯೋಜನೆ. ಅದರ ಅರ್ಜಿ ಸೆಪ್ಟೆಂಬರಿನಲ್ಲಿ. ಇರುವುದು ಯುಸಿಯ ಆರು ಕ್ಯಾಂಪಸ್ಸಿಗೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೆಗೊ ಅದರಲ್ಲಿಲ್ಲ. ಇರುವಲ್ಲೂ ಸಿಎಸ್‌ ಅನ್ನು ಹೊರಗಿಡುವುದುಂಟು, ಆಯಾ ವರ್ಷದ ಪಟ್ಟಿ ನೋಡಿಯೇ ಆಸೆ ಇಟ್ಟುಕೊಳ್ಳಿ. ಮುಖ್ಯ ಅರ್ಜಿ ಅಕ್ಟೋಬರ್, ನವೆಂಬರ್. 350 ಪದಗಳ ನಾಲ್ಕು ಉತ್ತರಗಳಲ್ಲಿ ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಹೇಗೆ ತಯಾರಾದಿರಿ ಎಂಬುದು ಕಡ್ಡಾಯ. ಅಲ್ಲಿ ಊರಿನ ನೆನಪು ಬೇಡ, 22ಸಿಯಲ್ಲಿ ಬರೆದ ಹ್ಯಾಶ್ ಟೇಬಲ್ ಪ್ರಾಜೆಕ್ಟ್ ಸಾಕು. ಜನವರಿಯಲ್ಲಿ ಗ್ರೇಡ್ ಅಪ್‌ಡೇಟ್ ಕಟ್ಟುನಿಟ್ಟಾಗಿ ತುಂಬಿ. ಸೀಟು ಸಿಕ್ಕ ಮೇಲೂ ವಸಂತದ ಕೋರ್ಸ್ ಬಿಡುವಂತಿಲ್ಲ. ಓದಿದ ಪ್ರತಿ ಕಾಲೇಜಿನ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಜುಲೈ 1ಕ್ಕೆ ಅಲ್ಲಿರಬೇಕು, ಆನ್‌ಲೈನ್ ಜಾವಾದ್ದೂ ಸೇರಿ.